ಒಂದು ಕೈಯ ಡ್ರಮ್ಮರ್

ಒಂದು ಕೈಯಿಂದ ಚಪ್ಪಾಳೆ ಆಗಲ್ಲ ಅಂತೀವಿ. ಹಾಗಾದ್ರೆ ಒಂದು ಕೈಯಿಂದ ಡ್ರಮ್ಸ್ ಬಾರಿಸೋಕೆ ಆಗುತ್ತಾ? ಅದೂ ರಾಕ್ ಬ್ಯಾಂಡ್‌ನಲ್ಲಿ, ಸಾವಿರಾರು ಜನರ ಎದುರು?

ರಿಕ್ ಅಲೆನ್ ಬಾರಿಸಿದ. ಊರು ಇಂಗ್ಲೆಂಡಿನ ಡ್ರಾನ್‌ಫೀಲ್ಡ್, ಉಕ್ಕಿನ ನಗರ ಶೆಫೀಲ್ಡ್ ಪಕ್ಕದಲ್ಲೇ. ಹುಟ್ಟಿದ್ದು 1963ರಲ್ಲಿ. 1978ರಲ್ಲಿ ಡೆಫ್ ಲೆಪರ್ಡ್ ಅನ್ನೋ ಬ್ಯಾಂಡ್ ಸೇರಿದಾಗ ಈತನಿಗೆ ಬರೀ 15 ವರ್ಷ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬರೆಯೋ ವಯಸ್ಸು. 1983ರಲ್ಲಿ ‘ಪೈರೋಮೇನಿಯಾ’ ಆಲ್ಬಮ್ ಬಂತು, ಅಮೆರಿಕದಲ್ಲಿ ಲಕ್ಷ ಲಕ್ಷ ಪ್ರತಿ ಮಾರಾಟವಾಯಿತು. ಹುಡುಗರು ಸ್ಟಾರ್ ಆದರು.

1984ರ ಡಿಸೆಂಬರ್ 31. ಶೆಫೀಲ್ಡ್ ಹೊರವಲಯದ ರಸ್ತೆಯಲ್ಲಿ ಅಲೆನ್ ಓಡಿಸುತ್ತಿದ್ದ ಕಾರು ಹತೋಟಿ ತಪ್ಪಿತು. ಎಡಗೈ ಕತ್ತರಿಸಿ ಹೋಯಿತು. ವೈದ್ಯರು ಮತ್ತೆ ಜೋಡಿಸಿದರು, ಆದರೆ ಸೋಂಕು ತಗುಲಿ ಆ ಕೈಯನ್ನು ತೆಗೆಯಲೇಬೇಕಾಯಿತು. ಆಗ ವಯಸ್ಸು 21.

ಡ್ರಮ್ಮರ್‌ಗೆ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಬೇರೆ ಬೇರೆ ಡ್ಯೂಟಿ. ಒಂದು ಹೋದರೆ ತಾಳವೇ ಹೋಯಿತು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕಾಲಲ್ಲೇ ತಾಳ ಹಾಕುತ್ತಿದ್ದ ಅಲೆನ್‌ಗೆ ಒಂದು ವಿಷಯ ಹೊಳೆಯಿತು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲು ಯಾಕೆ ಮಾಡಬಾರದು?

ಅಲ್ಲಿಂದ ಶುರುವಾಗಿದ್ದು ಎಂಜಿನಿಯರಿಂಗ್. ಸಿಮನ್ಸ್ ಕಂಪನಿಯ ನೆರವಿನಿಂದ ಹೊಸ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ತಯಾರಾಯಿತು. ಎಡಗಾಲಿಗೆ ಪೆಡಲ್‌ಗಳ ಸಾಲು. ಒಂದು ತುಳಿದರೆ ಸ್ನೇರ್ ಡ್ರಮ್ ಶಬ್ದ, ಇನ್ನೊಂದು ತುಳಿದರೆ ಟಾಮ್. ಎಂಜಿನಿಯರಿಂಗ್ ಓದಿದ ನನಗೆ ಇದು ಬಹಳ ಇಷ್ಟ. ಒಂದು ಇನ್‌ಪುಟ್ ಹೋಯಿತು ಅಂತ ಇಡೀ ಸಿಸ್ಟಮ್ ಬಿಸಾಕಲಿಲ್ಲ, ಬೇರೆ ದಾರಿಯಲ್ಲಿ ವೈರ್ ಎಳೆದರು, ಅಷ್ಟೇ. ಆದರೆ ಆ ವೈರ್‌ನ ತುದಿಯಲ್ಲಿ ಕೂತು, ಕಾಲಿಗೆ ಕೈಯ ಚುರುಕು ಕಲಿಸಿದ್ದು ಆತನ ತಿಂಗಳುಗಟ್ಟಲೆ ಸಾಧನೆ.

1986ರಲ್ಲಿ ಐರ್ಲೆಂಡಿನಲ್ಲಿ ಸಣ್ಣ ಸಣ್ಣ ಶೋಗಳು. ಬೆಂಬಲಕ್ಕೆ ಜೆಫ್ ರಿಚ್ ಅನ್ನೋ ಎರಡನೇ ಡ್ರಮ್ಮರ್ ಇದ್ದ. ಒಂದು ರಾತ್ರಿ ಆತ ಬರೋದು ತಡವಾಯಿತು. ಅಲೆನ್ ಒಬ್ಬನೇ ಶುರುಮಾಡಿದ, ನಿಭಾಯಿಸಿದ. ಎರಡನೇ ಡ್ರಮ್ಮರ್ ಬೇಡ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಅದೇ ಆಗಸ್ಟ್‌ನಲ್ಲಿ ಡಾನಿಂಗ್ಟನ್‌ನ ಬೃಹತ್ ರಾಕ್ ಮೇಳದಲ್ಲಿ ಬಾರಿಸಿದ. 1987ರಲ್ಲಿ ಬಂದ ‘ಹಿಸ್ಟೀರಿಯಾ’ ಜಗತ್ತಿನಾದ್ಯಂತ 2 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. 2019ರಲ್ಲಿ ಬ್ಯಾಂಡ್ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು.

ಈಗ ಅಸಲಿ ವಿಷಯಕ್ಕೆ ಬರೋಣ. ಇಂಥ ಕತೆ ಕೇಳಿದ ಕೂಡಲೇ ನಾವು ಏನಂತೀವಿ? ‘ಛಲ ಇದ್ದರೆ ಏನು ಬೇಕಾದರೂ ಸಾಧಿಸಬಹುದು.’ ಸರಿ. ಆದರೆ ಛಲದಿಂದ ಪೆಡಲ್ ತಯಾರಾಗಲ್ಲ. ಅರ್ಧಕ್ಕೆ ನಿಂತ ಆಲ್ಬಮ್ ಕೈಯಲ್ಲಿತ್ತು, ಖರ್ಚು ಏರುತ್ತಲೇ ಇತ್ತು. ಹೊಸ ಡ್ರಮ್ಮರ್ ಹುಡುಕೋದು ಬ್ಯಾಂಡಿಗೆ ಸುಲಭವಿತ್ತು. ಗಾಯಕ ಜೋ ಎಲಿಯಟ್ ಮತ್ತು ಗೆಳೆಯರು ಹುಡುಕಲಿಲ್ಲ. ಕಾದರು. ಇರೋದೋ ಬಿಡೋದೋ ಅನ್ನೋ ತೀರ್ಮಾನವನ್ನು ಆತನಿಗೇ ಬಿಟ್ಟರು.

ಮನುಷ್ಯನಿಗೆ ತಕ್ಕ ಹಾಗೆ ವಾದ್ಯವನ್ನು ಬದಲಿಸಿದರು, ವಾದ್ಯಕ್ಕೋಸ್ಕರ ಮನುಷ್ಯನನ್ನು ಬದಲಿಸಲಿಲ್ಲ. ನಮ್ಮ ಆಫೀಸು, ಫ್ಯಾಕ್ಟರಿಗಳಲ್ಲಿ ಅಪಘಾತವಾಗಿ ಮನೆಯಲ್ಲಿ ಕೂತವರು ಇದ್ದಾರಲ್ಲ? ಅವರ ಛಲದ ಬಗ್ಗೆ ಭಾಷಣ ಆಮೇಲೆ ಮಾಡೋಣ. ಮೊದಲು ಅವರ ಕುರ್ಚಿ ಖಾಲಿ ಇಟ್ಟಿದೀವಾ, ನೋಡಿಕೊಳ್ಳೋಣ.