ಹಳೆಯ ಲ್ಯಾಪ್‌ಟಾಪು ರದ್ದಿಯಲ್ಲ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಆಡಬೇಕೆಂದಿರುವ ಮಾತು ಸಂಬಳದ್ದಲ್ಲ, ರಜೆಯದೂ ಅಲ್ಲ. ನಮ್ಮ ಖೋಲಿಗಳಲ್ಲಿ ಕಪಾಟಿನ ಮೇಲೆ ಧೂಳು ಹಿಡಿದು ಬಿದ್ದಿರುವ ಹಳೆಯ ಲ್ಯಾಪ್‌ಟಾಪುಗಳ ಮಾತು. ಕಾರ್ಮಿಕ ಸಂಘದಲ್ಲಿ ಇದೇನು ವಿಷಯ ಎಂದು ಕೆಲವರಿಗೆ ನಗು ಬರಬಹುದು. ಆದರೆ ಇಂದು ಭವಿಷ್ಯ ನಿಧಿಯ ಲೆಕ್ಕ ನೋಡಬೇಕಾದರೂ, ಮಗಳ ಕಾಲೇಜಿನ ಅರ್ಜಿ ತುಂಬಬೇಕಾದರೂ, ಮಗ ಕೆಲಸಕ್ಕೆ ಅರ್ಜಿ ಬರೆಯಬೇಕಾದರೂ ಕಂಪ್ಯೂಟರು ಬೇಕು. ಹೊಸದನ್ನು ಕೊಳ್ಳಲು ನಮ್ಮಲ್ಲಿ ಎಷ್ಟು ಮಂದಿಗೆ ಶಕ್ತಿಯುಂಟು? ಹಳೆಯದು ಮನೆಯಲ್ಲೇ ಇದ್ದರೂ ಅಂಗಡಿಯವನು "ಇದು ಮುಗಿಯಿತು, ರದ್ದಿಗೆ ಹಾಕಿ" ಎಂದರೆ ನಾವು ನಂಬಿಬಿಡುತ್ತೇವೆ.

1982ರ ಮುಷ್ಕರದ ತರುವಾಯ ಈ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದುದನ್ನು ಇಲ್ಲಿಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅಂದು ಕೆಲಸಗಾರನ ಕೈಯ ಕಸುಬು ಹಳತಾಗಿರಲಿಲ್ಲ. ಅದು ಇನ್ನು ಬೇಡವೆಂದು ಬೇರೆಯವರು ತೀರ್ಮಾನಿಸಿದರು, ಅಷ್ಟೆ. ಈ ಯಂತ್ರಗಳ ಕಥೆಯೂ ಹಾಗೆಯೇ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮು ಇದ್ದರೆ ಸಾಲದು. ಭದ್ರತೆಯ ವಿಶೇಷ ಚಿಪ್ಪೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು. 2017ಕ್ಕಿಂತ ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಈ ಪಂಕ್ತಿಯಲ್ಲಿ ಕೂರಲಾರವು. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ. ಹಳತಾದುದು ಒಳಗಿನ ವ್ಯವಸ್ಥೆ ಮಾತ್ರ. ಅದನ್ನು ಬದಲಾಯಿಸಬಹುದು, ನಮ್ಮ ಕೈಯಿಂದಲೇ ಬದಲಾಯಿಸಬಹುದು.

ಅದಕ್ಕಿರುವ ಉಪಾಯ ಲಿನಕ್ಸ್. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಬರೆದನು. ಅದಕ್ಕೂ ಮುಂಚೆ, 1983ರಲ್ಲಿ, ಅಮೇರಿಕದ ರಿಚರ್ಡ್ ಸ್ಟಾಲ್‌ಮನ್ ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಗ್ನೂ ಎಂಬ ವ್ಯವಸ್ಥೆಯ ಕೆಲಸವನ್ನು ಸಾರಿದ್ದನು. ಅಂದಿನಿಂದ ಲೋಕದ ಸಾವಿರಾರು ಜನ ಕೂಡಿ ಇದನ್ನು ಬೆಳೆಸಿದ್ದಾರೆ. ಇದನ್ನು ನಕಲು ಮಾಡಿ ಪಕ್ಕದವನಿಗೆ ಕೊಟ್ಟರೆ ಕಳ್ಳತನವಲ್ಲ.

ಹಗುರವಾದ ವ್ಯವಸ್ಥೆ ಎಂದರೇನು? ನಮ್ಮ ಅಡಿಗೆಮನೆಯನ್ನೇ ನೋಡಿ. ಡಿಸ್ಕು ಉಗ್ರಾಣವಿದ್ದಂತೆ, ರ‍್ಯಾಮು ಎಂಬುದು ಸಾಮಾನು ಹರಡಿಕೊಂಡು ಕೆಲಸಮಾಡುವ ಕಟ್ಟೆ. ಕಟ್ಟೆಯ ಮೇಲೆ ಬೇಡದ ಹಂಡೆ ತಪ್ಪಲೆಗಳೇ ತುಂಬಿದ್ದರೆ ಭಟ್ಟನು ದೋಸೆ ಹುಯ್ಯುವುದೆಲ್ಲಿ? ಹಗುರವಾದ ಲಿನಕ್ಸ್ ಕಟ್ಟೆಯನ್ನು ಖಾಲಿ ಬಿಡುತ್ತದೆ.

ಇದರಲ್ಲಿ ಹಲವು ಬಗೆಗಳುಂಟು. 4 ಜಿಬಿ ರ‍್ಯಾಮಿನ ಯಂತ್ರಕ್ಕೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಒಪ್ಪುತ್ತದೆ. 2 ಜಿಬಿ ಇದ್ದರೂ ಏಳುತ್ತದೆ. ಲುಬುಂಟು ಕೂಡ ಹಗುರವೇ. ಅದಕ್ಕೂ ಬಡ ಯಂತ್ರಗಳಿಗೆ ಆಂಟಿಎಕ್ಸ್, ಪಪ್ಪಿ ಎಂಬವು ಇವೆ. ಮೊದಲ ಸಲ ಮಾಡುವವರು ಮಿಂಟನ್ನೇ ಹಿಡಿಯಲಿ. 2024ರಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರ ತನಕ ಭದ್ರತೆಯ ತಿದ್ದುಪಡಿಗಳು ಬರುತ್ತವೆ.

ಇನ್ನು ಮಾಡುವ ಕ್ರಮ.

ಒಂದು: ಯಂತ್ರದಲ್ಲಿರುವ ಫೋಟೋ, ಅಂಕಪಟ್ಟಿ, ಕಾಗದಪತ್ರಗಳನ್ನೆಲ್ಲ ಬೇರೆ ಕಡೆ ನಕಲಿಳಿಸಿ, ತೆರೆದು ನೋಡಿ ಖಚಿತಮಾಡಿಕೊಳ್ಳಿ. ಮುಂದಿನ ಕೆಲಸದಲ್ಲಿ ಡಿಸ್ಕು ಪೂರಾ ಅಳಿಸಿಹೋಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಯಂತ್ರವನ್ನು ಚಾರ್ಜಿಗೆ ಹಾಕದೆ, ಮೊದಲು ತಿಳಿದವರಿಂದ ಅದನ್ನು ತೆಗೆಸಿ.

ಎರಡು: ಮಿಂಟಿನವರ ಸ್ವಂತ ಜಾಲತಾಣದಿಂದಲೇ ಫೈಲನ್ನು ಇಳಿಸಿಕೊಳ್ಳಿ, ಸುಮಾರು 3 ಜಿಬಿ ಆಗುತ್ತದೆ. 8 ಜಿಬಿಯ ಪೆನ್‌ಡ್ರೈವು ಸಾಕು. ಸುಮ್ಮನೆ ನಕಲಿಳಿಸಿದರೆ ಕೆಲಸವಾಗದು; ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೂ ಅಳಿಸಿಹೋಗುವುದು.

ಮೂರು: ಪೆನ್‌ಡ್ರೈವನ್ನು ಚುಚ್ಚಿ, ಯಂತ್ರ ಹೊತ್ತಿಸಿದ ಕೂಡಲೇ ಎಫ್12 ಒತ್ತುತ್ತಿರಿ. ಕೆಲವು ಕಂಪೆನಿಗಳಲ್ಲಿ ಅದು ಎಫ್9, ಕೆಲವದರಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿ. ಆಗ ಲಿನಕ್ಸ್ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ, ಡಿಸ್ಕಿಗೆ ಏನೂ ಆಗುವುದಿಲ್ಲ. ಸಾರಿನ ರುಚಿ ನೋಡಿ ಬಡಿಸಿದ ಹಾಗೆ, ವೈಫೈ, ಸದ್ದು, ಕೀಲಿಮಣೆ ಎಲ್ಲವನ್ನೂ ಇಲ್ಲೇ ಪರೀಕ್ಷಿಸಿ. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನು ಕೊಡಬಹುದು.

ನಾಲ್ಕು: ಎಲ್ಲವೂ ಸರಿಯೆಂದು ಕಂಡ ಮೇಲೆ, ಚಾರ್ಜರು ಹಾಕಿಕೊಂಡು, ಇನ್‌ಸ್ಟಾಲ್ ಎಂಬುದನ್ನು ಒತ್ತಿ. ಭಾಷೆ, ಊರು, ಹೆಸರು, ಗುಪ್ತಪದ ಕೇಳುತ್ತದೆ. ಡಿಸ್ಕನ್ನು ಅಳಿಸಲೇ ಎಂದು ಕೇಳುವ ಒಂದು ಪುಟವನ್ನು ಮಾತ್ರ ಎರಡು ಸಲ ಓದಿ ಒಪ್ಪಿಗೆ ಕೊಡಿ.

ಐದು: ಮುಗಿದ ಮೇಲೆ ತಿದ್ದುಪಡಿಗಳನ್ನು ಹಾಕಿಸಿ, ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿ. ಇದು ನಮ್ಮ ಜಿಲ್ಲೆಯವರೇ ಆದ ಕೆ. ಪಿ. ರಾಯರು ರೂಪಿಸಿದ ವಿನ್ಯಾಸದ ಮೇಲೆ ನಿಂತುದು. ಪತ್ರ ಬರೆಯಲು, ಲೆಕ್ಕವಿಡಲು ಲಿಬ್ರೆಆಫೀಸ್, ಜಾಲತಾಣ ನೋಡಲು ಫೈರ್‌ಫಾಕ್ಸ್ ಅದರಲ್ಲೇ ಬಂದಿರುತ್ತವೆ.

ಸತ್ಯವನ್ನೂ ಹೇಳಬೇಕು. ಲೆಕ್ಕಪತ್ರದ ಟ್ಯಾಲಿಯಂಥ, ವಿಂಡೋಸಿಗಾಗಿಯೇ ಮಾಡಿದ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯವು. ಮಕ್ಕಳ ಕಲಿಕೆಗೆ ಅದೇ ಬೇಕಾದರೆ ಮೊದಲೇ ವಿಚಾರಿಸಿಕೊಳ್ಳಿ. ವ್ಯವಸ್ಥೆ ಹಗುರವಾದ ಮಾತ್ರಕ್ಕೆ ಜಾಲತಾಣಗಳ ಭಾರ ಇಳಿಯುವುದಿಲ್ಲ. 2 ಜಿಬಿ ಯಂತ್ರದಲ್ಲಿ ಒಂದೆರಡು ಪುಟಕ್ಕಿಂತ ಹೆಚ್ಚು ತೆರೆದರೆ ಅದು ಏದುಸಿರು ಬಿಡುತ್ತದೆ. ಖರ್ಚು ಮಾಡುವ ಶಕ್ತಿ ಸ್ವಲ್ಪವಿದ್ದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ, ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ. ಉಗ್ರಾಣದಿಂದ ಸಾಮಾನು ತರುವ ಮುದುಕನ ಬದಲು ಚುರುಕಿನ ಹುಡುಗ ಬಂದ ಹಾಗಾಗುತ್ತದೆ.

ಬಂಧುಗಳೇ, ಮೇಜು ಒರೆಸಲು ಬಂದ ಹುಡುಗನಿಗೆ ಹಿಂದೆ ಈ ನಗರದಲ್ಲಿ ರಾತ್ರಿಶಾಲೆಗಳು ಅಕ್ಷರ ಕೊಟ್ಟವು. ಅಂದು ಅಕ್ಷರ ಬಾರದವನು ಕಾಗದ ಓದಿಸಲು ಇನ್ನೊಬ್ಬನ ಬಾಗಿಲಿಗೆ ಹೋಗಬೇಕಿತ್ತು. ಇಂದು ಯಂತ್ರ ತಿಳಿಯದವನು ಹಾಗೆಯೇ ಅಂಗಡಿಯವನ ಬಾಗಿಲಲ್ಲಿ ನಿಲ್ಲುತ್ತಾನೆ. ಆದುದರಿಂದ ನನ್ನ ಸೂಚನೆ ಇಷ್ಟೇ: ಸಂಘವು ಎರಡು ಪೆನ್‌ಡ್ರೈವುಗಳನ್ನು ಸಿದ್ಧಮಾಡಿ ಈ ವಾಚನಾಲಯದಲ್ಲಿ ಇಡಲಿ. ಮಧ್ಯಾಹ್ನದ ಬಿಡುವಿನಲ್ಲಿ ಸದಸ್ಯರು ಹಳೆಯ ಯಂತ್ರಗಳನ್ನು ತರಲಿ. ಮಾಡಿಸಿಕೊಂಡು ಹೋಗುವುದು ಬೇಡ. ತಾವೇ ಕುಳಿತು ಮಾಡಲಿ, ಮಾಡಿದವರು ಇನ್ನೊಬ್ಬರಿಗೆ ಕಲಿಸಲಿ. ಸರಿಯಾದ ಮೊದಲ ಯಂತ್ರ ಇದೇ ಮೇಜಿನ ಮೇಲೆ ನಿಲ್ಲಲಿ, ಮನೆಯಲ್ಲಿ ಯಂತ್ರವಿಲ್ಲದ ಸದಸ್ಯರ ಮಕ್ಕಳು ಅದರಲ್ಲಿ ಅರ್ಜಿ ತುಂಬಲಿ.

ಈ ಸೂಚನೆಯನ್ನು ಸಭೆಯು ಮನ್ನಿಸಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.