ಸಪೋಟದ ಬಂಧುಬಳಗ

ಕೆರಿಬಿಯನ್ ದ್ವೀಪಗಳ ಹಿತ್ತಲುಗಳಲ್ಲಿ ಸ್ಟಾರ್ ಆ್ಯಪಲ್ ಎಂಬ ಮರವಿದೆ. ಅದರ ಎಲೆಯ ಮೇಲುಭಾಗ ಕಡುಹಸಿರು, ಅಡಿಭಾಗ ರೇಷ್ಮೆ ನುಣುಪಿನ ಹೊಂಬಣ್ಣ. ನೇರಳೆ ಇಲ್ಲವೇ ತಿಳಿಹಸಿರು ಬಣ್ಣದ ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಬೀಜದ ಕೋಣೆಗಳು ನಕ್ಷತ್ರದಂತೆ ಕಾಣುತ್ತವೆ. ಸೇಬಿಗೂ ಇದಕ್ಕೂ ನಂಟಿಲ್ಲ; ಇದು ನಮ್ಮ ಸಪೋಟದ ಕುಟುಂಬದ್ದು. ಹೆಂಗಸರು ಮುಡಿಯುವ ರಂಜದ ಹೂವಿನ ಮರ, ಎಣ್ಣೆ ಕೊಡುವ ಹಿಪ್ಪೆ ಮರ, ಎರಡೂ ಇದೇ ಬಳಗ. ಈ ನಂಟನ್ನು ಅರಿತರೆ ತೋಟಗಾರನಿಗೆ ನೇರ ಪ್ರಯೋಜನವಿದೆ ಎಂಬುದು ನನ್ನ ವಾದ.

ಬಳಗದ ಗುರುತು ಎರಡು: ಗಾಯವಾದಲ್ಲಿ ಜಿನುಗುವ ಹಾಲಿನಂಥ ಸೊನೆ, ಮತ್ತು ಒಂದು ಕಡೆ ಮಾಸಲು ಕಲೆಯುಳ್ಳ ಹೊಳಪಿನ ಗಟ್ಟಿ ಬೀಜ. ಸೊನೆಯ ಗುಣ ತಿಳಿದರೆ ಹಣ್ಣಿನ ಹದವೂ ತಿಳಿಯುತ್ತದೆ. ಬಲಿಯದ ಸಪೋಟ ಒಗರು, ತುಟಿಗೆ ಅಂಟು. ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಹಸಿರು ಕಾಣದೆ ಹಳದಿ ಕಂಡರೆ, ಸೊನೆ ಕಡಿಮೆಯಾಗಿದ್ದರೆ ಕಾಯಿ ಬಲಿತಿದೆ ಎಂದರ್ಥ. ಸ್ಟಾರ್ ಆ್ಯಪಲ್ ಸಿಪ್ಪೆಯಲ್ಲೂ ಇದೇ ಅಂಟಿರುವುದರಿಂದ ತಿರುಳನ್ನು ಮಾತ್ರ ಚಮಚದಲ್ಲಿ ತೆಗೆದು ತಿನ್ನುತ್ತಾರೆ. ಜಮೈಕದಲ್ಲಿ ಅದಕ್ಕೆ ಕಿತ್ತಳೆ ಬೆರೆಸುವ ರೂಢಿಯೂ ಉಂಟು. ಈ ಸೊನೆ ಜಗತ್ತಿನ ಚರಿತ್ರೆಯಲ್ಲೂ ಪಾತ್ರ ವಹಿಸಿದೆ. ಮೆಕ್ಸಿಕೊದ ಸಪೋಟ ಮರಗಳ ಹಾಲಿನಿಂದ ಚ್ಯೂಯಿಂಗ್ ಗಮ್ ಹುಟ್ಟಿತು. ಮಲಯದ ಗಟ್ಟಾಪರ್ಚಾ ಮರದ ಹಾಲನ್ನು 1851ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಡಿಯ ತಂತಿಗೆ ಹೊದಿಸಿದರು. ಆ ಹಾಲಿಗಾಗಿ ಅಲ್ಲಿ ಕಡಿದುರುಳಿಸಿದ ಮರಗಳಿಗೆ ಲೆಕ್ಕವಿಲ್ಲ. ಇದು ನೋವಿನ ಸಂಗತಿ.

ಸಸ್ಯವಿಜ್ಞಾನಿಗಳೇ ಹೆಸರು ಬದಲಿಸುತ್ತಿರುವಾಗ ಈ ನಂಟನ್ನು ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನೈಜೀರಿಯದ ಸಂತೆಗಳಲ್ಲಿ ಮಾರುವ ಆಫ್ರಿಕದ ಸ್ಟಾರ್ ಆ್ಯಪಲ್ಲನ್ನು ಈಗ ಬೇರೆ ಕುಲಕ್ಕೆ ಸೇರಿಸಿರುವುದು ನಿಜ. ಆದರೆ ಬದಲಾದದ್ದು ಕುಲ; ಕುಟುಂಬ ಹಾಗೆಯೇ ಉಳಿದಿದೆ. ಇನ್ನೂ ಗಟ್ಟಿಯಾದ ಸಾಕ್ಷಿ ಕಸಿ ಕಟ್ಟುವವರ ಕೈಯಲ್ಲಿದೆ. ಮಧ್ಯ ಅಮೆರಿಕದಿಂದ ಬಂದ ಸಪೋಟವನ್ನು ಭಾರತದಲ್ಲಿ ನಮ್ಮದೇ ಒಣಕಾಡಿನ ಖಿರ್ನಿ ಸಸಿಯ ಮೇಲೆ ಕಸಿ ಕಟ್ಟುತ್ತಾರೆ. ಎರಡು ಖಂಡಗಳ ಮರಗಳು ಬೆಸೆದು ಒಂದಾಗಿ ದಶಕಗಳ ಕಾಲ ಫಲ ಕೊಡುತ್ತವೆ. ಹಿಪ್ಪೆಯ ಮೇಲೂ ಪ್ರಯತ್ನಿಸಿದ್ದಾರೆ, ಖಿರ್ನಿಯಷ್ಟು ಚೆನ್ನಾಗಿ ಒಗ್ಗಲಿಲ್ಲ. ಖಿರ್ನಿ ಮತ್ತು ಸಪೋಟ ಒಂದೇ ಕುಲದವು, ಹಿಪ್ಪೆ ದೂರದ ಬಂಧು. ನಂಟಿನ ಹತ್ತಿರ ದೂರಗಳನ್ನು ಮರಗಳೇ ಹೀಗೆ ತೋರಿಸಿಕೊಡುತ್ತವೆ.

ಖಿರ್ನಿ ನಿಧಾನವಾಗಿ ಬೆಳೆಯುತ್ತದೆ, ಹಣ್ಣು ಚಿಕ್ಕದು, ಅಂಗಡಿಯಲ್ಲಿ ಬೆಲೆಯಿಲ್ಲ, ಅದನ್ನೇಕೆ ಉಳಿಸಬೇಕು ಎಂಬ ಆಕ್ಷೇಪವೂ ಇದೆ. ಹಣ್ಣಿನ ಬೆಲೆಯೊಂದನ್ನೇ ನೋಡಿದರೆ ಆಕ್ಷೇಪ ಸರಿ. ಆದರೆ ಕಸಿ ಸಪೋಟದ ಬೇರು ಖಿರ್ನಿಯದು. ಅದರ ಬೀಜ ಸಿಗದಿದ್ದರೆ ನರ್ಸರಿಯ ಕೆಲಸ ನಿಲ್ಲುತ್ತದೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಸ್ಟಾರ್ ಆ್ಯಪಲ್‌ನ ಹತ್ತಿರದ ಬಂಧುವೊಂದು ಇಂದಿಗೂ ಇದೆ. ಅದರಿಂದ ನಾಳೆ ಏನು ಪ್ರಯೋಜನ ಎಂದು ಪರೀಕ್ಷಿಸಿ ನೋಡಬೇಕಾದರೆ ಮೊದಲು ಅದು ಅಲ್ಲಿ ಉಳಿದಿರಬೇಕು. ಸಪೋಟ ಸಸಿ ಕೊಳ್ಳುವಾಗ ಅದನ್ನು ಯಾವ ಗಿಡದ ಮೇಲೆ ಕಸಿ ಕಟ್ಟಿದ್ದಾರೆ ಎಂದು ಕೇಳಿ. ಹೊಲದ ಬದುವಿನಲ್ಲಿ ಹಿಪ್ಪೆಯೋ ರಂಜವೋ ಇದ್ದರೆ ದಯವಿಟ್ಟು ಕಡಿಯಬೇಡಿ.