ಎಂಟು ಸೆಕೆಂಡಿನ ಪಾಠ

ಮಕ್ಕಳೇ, ನಾನೂ ಈ ಶಾಲೆಯ ನೆಲದ ಮೇಲೆ ಕೂತು ಕಲಿತವನು.

ಬಿ.ಇ. ಕೊನೆಯ ವರ್ಷ ನಾವು ನಾಲ್ವರು ಗೆಳೆಯರು ಒಂದು ಸಂಸ್ಥೆಗಾಗಿ ಒಂದು ನಿಮಿಷದ ಅನಿಮೇಷನ್ ಮಾಡಿದೆವು. ವಿಷಯ, ಹಲಸೂರು ಕೆರೆಯಲ್ಲಿ ಗಣೇಶನ ವಿಸರ್ಜನೆ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ 720 ಚಿತ್ರ ಬರೆಯಬೇಕು. ಕೊನೆಗೆ ಸತ್ತ ಮೀನುಗಳು ತೇಲುತ್ತವೆ, ಪರದೆ ಕಪ್ಪಾಗುತ್ತದೆ. ನಮಗೆ ಅದೇ ಹೆಮ್ಮೆ.

"ಹಬ್ಬದ ಮನೆಗೆ ಸಾವು ಯಾಕ್ರಪ್ಪಾ? ಕೊನೆ ಬದಲಾಯಿಸಿ" ಎಂದರು ಸಂಸ್ಥೆಯವರು. "ನಿಮಗೆ ಕಲೆ ಗೊತ್ತಿಲ್ಲ" ಅಂದುಬಿಟ್ಟೆ. ಮಾತು ನಿಂತಿತು, ಹಣವೂ ನಿಂತಿತು.

ಆ ವಾರ ಚಿತ್ರವನ್ನು ಇಲ್ಲಿ ಎಂಟನೇ ತರಗತಿಗೆ ತೋರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಹಾಗಾದ್ರೆ ನಮ್ಮನೆ ಗಣೇಶನ್ನ ಎಲ್ಲಿ ಬಿಡೋದು, ಅಣ್ಣ?" 720 ಚಿತ್ರಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮರುದಿನವೇ ಹೋಗಿ ಕ್ಷಮೆ ಕೇಳಿದೆ. ಮೀನು ತೆಗೆಯಲು ಮಾತ್ರ ಒಪ್ಪಲಿಲ್ಲ. ಅವರೂ ಕೊಂಚ ಬಗ್ಗಿದರು. ಕಪ್ಪು ಪರದೆ ಹೋಯಿತು. ಬಣ್ಣವಿಲ್ಲದ ಮಣ್ಣಿನ ಗಣೇಶ ಮನೆಯ ಬಕೆಟ್ಟಿನಲ್ಲಿ ಕರಗಿ, ಆ ನೀರು ಗಿಡಕ್ಕೆ ಹೋಗುವ ಎಂಟು ಸೆಕೆಂಡು ಬಂತು. 96 ಹೊಸ ಚಿತ್ರ. ಮೊದಲಿನದಕ್ಕಿಂತ ಅದೇ ಚೆನ್ನಾಗಿತ್ತು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ನಿಜವಾಗಿಯೇ ಸತ್ತು ತೇಲಿದವು. ಅದು ಗಣೇಶನ ಹಬ್ಬದ ಕಾಲವಲ್ಲ. ಕೆರೆಗೆ ಸೇರುವ ಕೊಳಚೆ ನೀರಿನ ಮಾತು ಎಲ್ಲೆಡೆ ಕೇಳಿಬಂತು. ನಾವೂ ಸಂಸ್ಥೆಯವರೂ ಅಷ್ಟು ಜಗಳವಾಡಿದೆವಲ್ಲ, ಒಬ್ಬರೂ ಚರಂಡಿಯನ್ನು ನೆನೆದಿರಲಿಲ್ಲ.

ಮಕ್ಕಳೇ, ನಿಮ್ಮ ಕೆಲಸ ಒಪ್ಪದವರ ಮಾತು ಕೇಳಿ. ಆಮೇಲೂ ಒಮ್ಮೆ ಕೆರೆಯ ದಡಕ್ಕೆ ನೀವೇ ಹೋಗಿ ನೋಡಿ.